ಚಿಲ್ಲರೆ ತಂಟೆ ತೀರಿತು, ಲೆಕ್ಕದ ತಂಟೆ ಶುರುವಾಯ್ತು: ಯುಪಿಐ ಬಗ್ಗೆ ಹಳೇ ಬಳಕೆದಾರನ ವಿಮರ್ಶೆ

ಹಾಸನದಲ್ಲಿ ಡಿಗ್ರಿ ಓದುವಾಗ ಶುರುಮಾಡಿದ್ದು, ಈಗ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದ ಮೇಲೂ ದಿನಾ ಬಳಸ್ತಿದ್ದೀನಿ. ಯಾವ ಆ್ಯಪ್ ಒಳ್ಳೇದು ಅನ್ನೋ ಜಗಳಕ್ಕೆ ನಾನು ಬರಲ್ಲ. ಬಣ್ಣ, ಜಾಹೀರಾತು, ಸ್ಕ್ರ್ಯಾಚ್ ಕಾರ್ಡ್ ಬಿಟ್ಟರೆ ಎಲ್ಲದರ ಕೆಳಗೆ ಓಡೋದು ಒಂದೇ ವ್ಯವಸ್ಥೆ. ಅದಕ್ಕೆ ನನ್ನ ಅಂಕ ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಳೆದಿದ್ದು ಪೇಮೆಂಟ್ ಫೇಲ್ ಆಗುತ್ತೆ ಅಂತಲ್ಲ. ಹತ್ತು ರೂಪಾಯಿ ಕೊಟ್ಟಿದ್ದಕ್ಕೂ ಇಲ್ಲಿ ಲೆಕ್ಕ ಉಳಿಯುತ್ತೆ, ಆ ಲೆಕ್ಕ ನಾಳೆ ಯಾರ ಪರ ನಿಲ್ಲುತ್ತೆ ಅಂತ ಇವತ್ತು ಗೊತ್ತಿರಲ್ಲ. ಅದಕ್ಕೆ.

ಮೊದಲು ಒಳ್ಳೇದು ಹೇಳ್ತೀನಿ. ಈಗಿನ ಪಿಯು ಹುಡುಗರಿಗೆ ಚಿಲ್ಲರೆ ಕಾಟ ಅಂದರೆ ಏನು ಅಂತಲೇ ಗೊತ್ತಿಲ್ಲ. ಬಸ್ಸಲ್ಲಿ ಕಂಡಕ್ಟರ್ ಟಿಕೆಟ್ ಹಿಂದೆ 8 ಅಂತ ಬರೆದು, ಸುತ್ತ ಒಂದು ಗೆರೆ ಎಳೆದು ಕೊಡ್ತಿದ್ದರು. ಇಳಿಯೋ ಗಡಿಬಿಡೀಲಿ ಆ ಎಂಟು ರೂಪಾಯಿ ಮರೆತೇ ಹೋಗ್ತಿತ್ತು. ನೆನಪಾದರೂ ರಶ್ಶಲ್ಲಿ ಅವರ ತನಕ ನುಗ್ಗೋ ಹೊತ್ತಿಗೆ ಸ್ಟಾಪ್ ದಾಟಿರ್ತಿತ್ತು. ಇನ್ನು ಕೆಲವರು ಪರಿಚಯವೇ ಇಲ್ಲದ ಇಬ್ಬರ ಕೈಗೆ ಒಂದೇ ನೋಟು ಕೊಟ್ಟು, "ಇಬ್ರೂ ಹಂಚ್ಕೊಳ್ಳಿ" ಅಂತ ಇಳಿಸಿಬಿಡ್ತಿದ್ದರು. ದಿನಸಿ ಅಂಗಡೀಲಿ ಚಿಲ್ಲರೆ ಬದಲು ಚಾಕ್ಲೇಟು. ಈಗ ಟಿಕೆಟ್ ಎಷ್ಟಿದೆಯೋ ಅಷ್ಟು, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮುಗೀತು. ನನಗೆ ಯುಪಿಐ ಕೊಟ್ಟ ದೊಡ್ಡ ಸುಖ ಇದೇ, ಮಿಕ್ಕಿದ್ದೆಲ್ಲ ಆಮೇಲೆ.

ದೇಶದ ಪೇಮೆಂಟ್ ವ್ಯವಸ್ಥೆಗಳನ್ನು ನಡೆಸೋ ಎನ್‌ಪಿಸಿಐ ಸಂಸ್ಥೆ ಇದನ್ನು ತಂದಿದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ನೋಟು ರದ್ದಾಯ್ತು, ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ಆದರೆ ಎಳನೀರು ಗಾಡಿಯ ತನಕ ಕ್ಯೂಆರ್ ಬೋರ್ಡ್ ಇಳಿದಿದ್ದಕ್ಕೆ ನೋಟು ರದ್ದತಿಗಿಂತ ದೊಡ್ಡ ಕಾರಣ ಬೇರೆ ಇದೆ ಅಂತ ನನ್ನ ಅನಿಸಿಕೆ. ಕಾರ್ಡ್ ಉಜ್ಜಿದರೆ ವ್ಯಾಪಾರಿ ಕೈಯಿಂದ ಕಮಿಷನ್ ಹೋಗುತ್ತೆ. ಯುಪಿಐಗೆ ಆ ಎಂಡಿಆರ್ ಶುಲ್ಕವನ್ನು 2020ರ ಜನವರಿಯಿಂದ ಸೊನ್ನೆ ಮಾಡಿದರು. ಇಪ್ಪತ್ತು ರೂಪಾಯಿ ವ್ಯಾಪಾರದಲ್ಲಿ ಒಂದು ಪೈಸೆಯೂ ಕಡಿತ ಇಲ್ಲ ಅಂದ ಮೇಲೆ ಯಾರು ಬೇಡ ಅಂತಾರೆ? 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2000 ಕೋಟಿಗೂ ಹೆಚ್ಚು ಸಲ ಪೇಮೆಂಟ್ ನಡೆದಿದೆ.

ಸೌಂಡ್ ಬಾಕ್ಸ್ ಬಗ್ಗೆಯೂ ಒಂದು ಮಾತು. ಅದು ಬರೋಕೆ ಮುಂಚೆ ಸ್ಕ್ರೀನ್ ತಿರುಗಿಸಿ ಹಸಿರು ಟಿಕ್ ತೋರಿಸಬೇಕಿತ್ತು. ಸುಳ್ಳು ಟಿಕ್ ತೋರಿಸಿ ಯಾಮಾರಿಸೋರೂ ಹುಟ್ಟಿಕೊಂಡಿದ್ದರು, ಹಾಗಾಗಿ ಅಂಗಡಿಯವರ ಕಣ್ಣಲ್ಲಿ ನಾವೆಲ್ಲ ಅರ್ಧ ಕಳ್ಳರೇ. ಈಗ ಪೆಟ್ಟಿಗೆ ಕೂಗಿ ಹೇಳುತ್ತೆ. ಫೋನ್‌ಪೇಯವರು ಕನ್ನಡಕ್ಕೆ ಕಿಚ್ಚ ಸುದೀಪ್ ದನಿಯನ್ನೇ ಹಾಕಿಸಿದ್ದಾರೆ. ನಮ್ಮ ಏರಿಯಾದ ಬೇಕರೀಲಿ "ಬಂತಾ ಅಣ್ಣಾ?" ಅಂತ ಕೇಳಿದರೆ, ಎಗ್ ಪಫ್ ಕಟ್ತಾ ಇರೋರು ತಲೆಯೂ ಎತ್ತದೆ "ಸುದೀಪಣ್ಣನೇ ಹೇಳುದ್ರಲ್ಲ, ಹೋಗಿ" ಅಂತಾರೆ. ಟೀವಿ ಜಾಹೀರಾತಲ್ಲಿ ಸ್ಟಾರ್‌ಗಳು ಬಂದರೆ ನಮ್ಮ ವಯಸ್ಸಿನವರು ಸ್ಕಿಪ್ ಒತ್ತೋದೇ ಜಾಸ್ತಿ. ಇದೊಂದು ಬ್ರ್ಯಾಂಡ್ ಐಡಿಯಾ ಮಾತ್ರ ಕೆಲಸಕ್ಕೆ ಬಂದಿದೆ.

ಇನ್ನೂ ಬಳಸದವರಿಗೆ ನಾನು ಮೊದಲು ಹೇಳೋದು ಯುಪಿಐ ಲೈಟ್ ಆನ್ ಮಾಡಿಕೊಳ್ಳಿ ಅಂತ. ಸಣ್ಣ ಪೇಮೆಂಟಿಗೆ ಅಂತ ಮುಂಚೆಯೇ ಹಣ ಹಾಕಿಡೋ, ಆ್ಯಪ್ ಒಳಗಿನ ಪುಟ್ಟ ಪರ್ಸು ಅದು. 2022ರ ಸೆಪ್ಟೆಂಬರ್‌ನಲ್ಲಿ ಬಂದಾಗ ಒಂದು ಸಲಕ್ಕೆ 200 ರೂಪಾಯಿ ಮಿತಿ ಇತ್ತು, ಆಮೇಲೆ 500 ಆಯ್ತು. 2024ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಅದನ್ನು 1000ಕ್ಕೆ, ಒಳಗೆ ಇಟ್ಟುಕೊಳ್ಳಬಹುದಾದ ಹಣವನ್ನು 5000ಕ್ಕೆ ಏರಿಸೋದಾಗಿ ಹೇಳಿತು. ಪಿನ್ ಒತ್ತೋದು ಬೇಡ. ಪ್ರತಿ ಸಲ ಬ್ಯಾಂಕ್ ಸರ್ವರ್ ಬಾಗಿಲು ತಟ್ಟೋದು ತಪ್ಪೋದರಿಂದ ಸಣ್ಣ ಪೇಮೆಂಟ್ ಸಿಕ್ಕಿಹಾಕಿಕೊಳ್ಳೋದೂ ಕಡಿಮೆ. ಇನ್ನೊಂದು ಲಾಭ ಇದೆ: ಪಾಸ್‌ಬುಕ್ಕಲ್ಲಿ ಲೈಟ್‌ಗೆ ಹಾಕಿದ ಮೊತ್ತ ಮಾತ್ರ ಕಾಣುತ್ತೆ, ಪ್ರತಿ ಟೀ, ಪ್ರತಿ ಗೋಬಿ ಮಂಚೂರಿ ಸಾಲು ಸಾಲಾಗಿ ಬರಲ್ಲ. ಅಪ್ಪನ ಜೊತೆ ಜಂಟಿ ಖಾತೆ ಇರೋ ಗೆಳೆಯನೊಬ್ಬ ಲೈಟ್‌ಗೆ ಬದಲಾಗಿದ್ದು ಇದೊಂದೇ ಕಾರಣಕ್ಕೆ. ಫೋನ್ ಬದಲಿಸೋ ಮುಂಚೆ ಲೈಟ್ ಖಾತೆ ಮುಚ್ಚಿ, ಉಳಿದ ಹಣ ಬ್ಯಾಂಕಿಗೆ ವಾಪಸ್ ಹಾಕಿಕೊಳ್ಳಿ. ಆ ಹಣ ಆ ಫೋನಿಗೇ ಅಂಟಿಕೊಂಡಿರುತ್ತೆ.

ಲೆಕ್ಕ ನನ್ನ ಪರ ನಿಂತಿದ್ದೂ ಉಂಟು. ಪಿಜಿ ಬಿಡೋವಾಗ ಮಾಲೀಕರು "ಅಡ್ವಾನ್ಸು ಐದು ಸಾವಿರ ಅಲ್ವೇನಪ್ಪ ನೀನು ಕೊಟ್ಟಿದ್ದು?" ಅಂದರು. ಕೊಟ್ಟಿದ್ದು ಎಂಟು. ಹಿಸ್ಟರೀಲಿ ಅವರ ಹೆಸರು ಹುಡುಕಿ, ತಾರೀಖು ಸಮೇತ ತೋರಿಸಿದೆ. "ಹೌದೌದು, ಮರ್ತಿದ್ದೆ" ಅಂತ ಅಲ್ಲೇ ಕಳಿಸಿದರು. ನಗದು ಕೊಟ್ಟಿದ್ದರೆ ಆ ಮೂರು ಸಾವಿರಕ್ಕೆ ಎಳ್ಳುನೀರು.

ಹಣ ಸಿಕ್ಕಿಹಾಕಿಕೊಳ್ಳೋ ವಿಷಯಕ್ಕೆ ಹೆಚ್ಚು ಹೇಳೋದಿಲ್ಲ. 2025ರ ಮಾರ್ಚ್ 26 ಮತ್ತು ಏಪ್ರಿಲ್ 12ರಂದು ದೇಶದ ತುಂಬಾ ಯುಪಿಐ ಕೈಕೊಟ್ಟಿದ್ದು ಎಲ್ಲರಿಗೂ ನೆನಪಿರುತ್ತೆ. ಬಿಡಿ ಕೇಸುಗಳಿಗೆ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ: ವ್ಯಕ್ತಿಗೆ ಕಳಿಸಿದ ಹಣ ತಲುಪದಿದ್ದರೆ ಮಾರನೇ ದಿನದೊಳಗೆ, ಅಂಗಡಿಗೆ ಕೊಟ್ಟಿದ್ದು ದೃಢವಾಗದಿದ್ದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಒಂದು ಸಲ ನನ್ನ ಬ್ಯಾಂಕಿನ ಕಸ್ಟಮರ್ ಕೇರ್‌ನವರು "ಕಾಯಿರಿ ಸರ್" ಅಂತಲೇ ದಿನ ದೂಡ್ತಿದ್ದರು. ಈ ನಿಯಮದ ಹೆಸರೆತ್ತಿದ ಮೇಲೆ ಫೈಲ್ ಸ್ಪೀಡಾಯ್ತು. ನೂರರ ಪರಿಹಾರ ಕೇಳಿ ಪಡೆದವರನ್ನು ಮಾತ್ರ ನಾನು ನೋಡಿಲ್ಲ.

ನನ್ನ ಜೇಬಿಗೆ ನಿಜವಾಗಿ ಕತ್ತರಿ ಹಾಕೋದು ಆಟೋಪೇ, ಅಂದರೆ ಒಮ್ಮೆ ಒಪ್ಪಿದರೆ ತಿಂಗಳು ತಿಂಗಳು ತಾನಾಗಿ ಹಣ ಕಡಿತ ಆಗೋ ಸೌಲಭ್ಯ. ಐಪಿಎಲ್ ಶುರುವಾದರೆ ಒಂದು ಒಟಿಟಿ, ನೋಡಬೇಕು ಅಂದುಕೊಂಡ ಸಿನಿಮಾ ಬಂದರೆ ಇನ್ನೊಂದು, ಹಾಡಿಗೆ ಮತ್ತೊಂದು. "ಮೊದಲ ತಿಂಗಳು ಬರೀ ಒಂದು ರೂಪಾಯಿ" ಅಂತಾರೆ. ಆ ಒಂದು ರೂಪಾಯಿಗೆ ಪಿನ್ ಒತ್ತಿದಾಗಲೇ ಮುಂದಿನ ಪೂರ್ತಿ ಹಣಕ್ಕೂ ಒಪ್ಪಿಗೆ ಕೊಟ್ಟಾಗಿರುತ್ತೆ. 15,000 ರೂಪಾಯಿ ತನಕ ಮತ್ತೆ ಪಿನ್ ಕೇಳಲ್ಲ. ಕಡಿತಕ್ಕೆ ಒಂದು ದಿನ ಮುಂಚೆ ಮೆಸೇಜ್ ಬರುತ್ತೆ ನಿಜ, ಲೋನ್ ಬೇಕಾ, ರಮ್ಮಿ ಆಡ್ತೀರಾ ಅನ್ನೋ ಮೆಸೇಜುಗಳ ನಡುವೆ ಅದು ಕಂಡರೆ ತಾನೇ? ಸೇರೋಕೆ ಒಂದೇ ಬಟನ್, ಬಿಡೋಕೆ ಏಳು ಬಾಗಿಲು ಅನ್ನೋ ಈ ತಂತ್ರವನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ಮಾರ್ಗಸೂಚಿಯಲ್ಲೇ ನಿಷೇಧಿತ ಪಟ್ಟಿಗೆ ಸೇರಿಸಿದೆ. ಅದೇನೇ ಇರಲಿ, ನೀವು ಒಟಿಟಿ ಆ್ಯಪ್ ಒಳಗೆ ಅಲೆದಾಡಬೇಡಿ. ಯುಪಿಐ ಆ್ಯಪಲ್ಲೇ ಆಟೋಪೇ ಪಟ್ಟಿ ಇರುತ್ತೆ, ಅಲ್ಲೇ ಕ್ಯಾನ್ಸಲ್ ಮಾಡಿ. ನಾನು ಸಂಬಳ ಬಂದ ದಿನ ಆ ಪಟ್ಟಿ ತೆಗೆದು ನೋಡ್ತೀನಿ.

ಈಗ ಆ ಕಳೆದ ಸ್ಟಾರ್ ವಿಷಯ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಅಂಕಿಅಂಶ ಇಟ್ಟುಕೊಂಡು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ವರ್ಷದ ಒಟ್ಟು ವಹಿವಾಟು (ಟರ್ನೋವರ್) ಸರಕು ಮಾರೋರಿಗೆ 40 ಲಕ್ಷ, ಸೇವೆ ಕೊಡೋರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು ಅನ್ನೋದು ಕಾನೂನು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ನೋಟಿಸ್ ಬಂದ ಸುದ್ದಿ ಎಲ್ಲ ಕಡೆ ಓಡಾಡಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಅದಾಗಿ ಕೆಲವೇ ದಿನದಲ್ಲಿ ಬೆಂಗಳೂರಿನ ಅಂಗಡಿಗಳ ಮುಂದೆ "ನೋ ಯುಪಿಐ, ಓನ್ಲಿ ಕ್ಯಾಶ್" ಚೀಟಿ. ನಾನು ತಿಂಡಿ ತಿನ್ನೋ ಗಾಡಿಯ ಆಂಟಿ ಕ್ಯೂಆರ್ ಬೋರ್ಡನ್ನ ಇಡ್ಲಿ ಕುಕ್ಕರ್ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟಿದ್ದರು. "ಚೀಟಿ ದುಡ್ಡು, ತಮ್ಮನ ಕೈಸಾಲ ಎಲ್ಲಾ ಇದೇ ಅಕೌಂಟಿಗೆ ಬಂದೈತೆ ಕಣಪ್ಪ, ಎಲ್ಲಾನೂ ಯಾಪಾರ ಅಂದ್ಬುಟ್ರೆ?" ಅನ್ನೋದು ಅವರ ಪ್ರಶ್ನೆ.

ನಮ್ಮ ರೂಮಲ್ಲಿ ಇದರ ಮೇಲೆ ದೊಡ್ಡ ಜಗಳವೇ ಆಯ್ತು. "ನಮ್ಮ ಸಂಬಳದಲ್ಲಿ ಕೇಳದೇ ಹಿಡೀತಾರೆ, ಅವರಿಗೇನು ವಿನಾಯಿತಿ?" ಅಂತ ಒಬ್ಬ. "ಆಂಟಿಗೆ ಟರ್ನೋವರ್ ಬೇರೆ, ಲಾಭ ಬೇರೆ ಅಂತ ಯಾರು ಹೇಳಿಕೊಟ್ಟಿದ್ದರು?" ಅಂತ ಇನ್ನೊಬ್ಬ. ಇಬ್ಬರ ಮಾತಲ್ಲೂ ಹುರುಳಿದೆ, ಆದರೆ ನನ್ನ ವೋಟು ಎರಡನೆಯವನಿಗೆ. ಕ್ಯೂಆರ್ ಅಂಟಿಸೋಕೆ ಬಂದ ಕಂಪನಿ ಹುಡುಗರು ಇದೆಲ್ಲ ಲೆಕ್ಕಕ್ಕೆ ಬರುತ್ತೆ ಅಂತ ಆಂಟಿಗೆ ಹೇಳಿರಲಿಲ್ಲ, ಬೇರೆ ಯಾರೂ ಹೇಳಲಿಲ್ಲ. ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದ ಮೇಲೆ ಗಲಾಟೆ ತಣ್ಣಗಾಯ್ತು. ಆಂಟಿಯ ಬೋರ್ಡು ಮತ್ತೆ ಈ ಕಡೆ ತಿರುಗಿದೆ. ಆದರೂ ಎರಡು ಪ್ಲೇಟ್ ದಾಟಿದರೆ "ಕ್ಯಾಶ್ ಇದ್ರೆ ನೋಡಪ್ಪ" ಅನ್ನೋದು ತಪ್ಪಿಲ್ಲ. ನಾನೂ ಫೋನ್ ಕವರ್ ಹಿಂದೆ ಐನೂರರ ಒಂದು ನೋಟು ಮಡಚಿ ಇಟ್ಟುಕೊಂಡಿರ್ತೀನಿ.

ಊರಲ್ಲಿರೋ ಅಪ್ಪ ಅಮ್ಮನ ಫೋನಿಗೆ ಯುಪಿಐ ಹಾಕಿಕೊಡೋರು ಒಂದೇ ಮಾತು ಬಾಯಿಪಾಠ ಮಾಡಿಸಿ: ದುಡ್ಡು ಬರೋಕೆ ಪಿನ್ ಬೇಡ. ಹಣ ಕೇಳಿ ರಿಕ್ವೆಸ್ಟ್ ಕಳಿಸೋ ಸೌಲಭ್ಯವನ್ನು ವ್ಯಕ್ತಿಗಳ ನಡುವೆ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದು ಒಳ್ಳೇದಾಯ್ತು, ಮೋಸಗಾರರ ಒಂದು ದಾರಿ ಮುಚ್ಚಿತು. ಅಷ್ಟಾಗಿಯೂ ಮೋಸದಲ್ಲಿ ಹಣ ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕ್ ಬಾಗಿಲು ತೆಗೆಯೋ ತನಕ ಕಾಯಬೇಡಿ.

ಎಲ್ಲ ಉಚಿತವಾಗಿ ಎಷ್ಟು ದಿನ ನಡೆಯುತ್ತೆ ಅನ್ನೋ ಚರ್ಚೆ ಆಗಾಗ ಏಳುತ್ತೆ. 2024-25ಕ್ಕೆ ಕೇಂದ್ರ ಸರ್ಕಾರ ಸಣ್ಣ ಮೊತ್ತದ ವಹಿವಾಟಿನ ಪ್ರೋತ್ಸಾಹಧನಕ್ಕೇ ಸುಮಾರು 1500 ಕೋಟಿ ಎತ್ತಿಟ್ಟಿತ್ತು, ಅಂದರೆ ಖರ್ಚು ಯಾರೋ ಭರಿಸ್ತಾನೇ ಇದ್ದಾರೆ. ಮಾಲು, ಶೋರೂಮು, ಮಲ್ಟಿಪ್ಲೆಕ್ಸ್‌ಗಳಿಂದ ಶುಲ್ಕ ತಗೊಂಡರೆ ನನ್ನ ತಕರಾರಿಲ್ಲ. ಆಂಟಿಯ ಇಡ್ಲಿ ಮೇಲೆ ಹಾಕಿದರೆ ಬೋರ್ಡು ಮತ್ತೆ ಗೋಡೆ ಕಡೆ ತಿರುಗುತ್ತೆ, ನಾನೂ ಎಟಿಎಂ ಕ್ಯೂನಲ್ಲಿ ನಿಲ್ತೀನಿ.