ಪದವಿಯೋ, ಸರ್ಟಿಫಿಕೇಟೋ, ನೇರ ಒಲೆಯ ಮುಂದೋ?

ಕಲಬುರಗಿಯಲ್ಲಿ ಪಿಯುಸಿ ಮುಗಿಸಿ ಅಡುಗೆಯನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದರೆ ಮೂರು ದಾರಿಗಳಿವೆ: 3 ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ, ಒಂದೂವರೆ ವರ್ಷದ ಫುಡ್ ಪ್ರೊಡಕ್ಷನ್ (ಹೋಟೆಲ್ ಅಡುಗೆ) ಸರ್ಟಿಫಿಕೇಟ್, ಇಲ್ಲವೇ ಖಾನಾವಳಿಯಲ್ಲಿ ನೇರ ಕೆಲಸ.

ಖರ್ಚಿನ ಮಾತು ಸರಳ. ನೇರ ಕೆಲಸಕ್ಕೆ ಸೇರಿದರೆ ಮೊದಲ ತಿಂಗಳೇ ಸಂಬಳ. ಪದವಿಗೆ ಶುಲ್ಕದ ಮೇಲೆ ಹಾಸ್ಟೆಲ್, ಚಾಕು, ಸಮವಸ್ತ್ರದ ಖರ್ಚೂ ಬರುತ್ತದೆ.

ಕೆಲಸ ಸಿಗುವ ವಿಷಯ ಬೇರೆ. ಹೈದರಾಬಾದ್, ಬೆಂಗಳೂರಿನ ದೊಡ್ಡ ಹೋಟೆಲ್‌ಗಳ ಟ್ರೇನಿ ಹುದ್ದೆಗೆ ಪದವಿ ಬಾಗಿಲು ತೆರೆಯುತ್ತದೆ, ಆದರೆ ಒಳಗೆ ಕರೆದುಕೊಳ್ಳುವುದು ಕೈಕೆಲಸ ನೋಡಿಯೇ. ಈರುಳ್ಳಿಯನ್ನು 3 ಮಿಲಿಮೀಟರ್ ಚೌಕಕ್ಕೆ ಹೆಚ್ಚಲು ಹೇಳುತ್ತಾರೆ. ಚೂರು ಸಮವಿಲ್ಲದಿದ್ದರೆ ಸಣ್ಣದು ಸೀದು, ದೊಡ್ಡದು ಹಸಿಯಾಗಿಯೇ ಉಳಿಯುತ್ತದೆ. ತಣ್ಣನೆಯ ಪದಾರ್ಥ 5 ಡಿಗ್ರಿಯೊಳಗೆ, ಬಿಸಿಯದು 60ರ ಮೇಲೆ ಇರಬೇಕೆಂಬುದೂ ಬಾಯಿಗೆ ಬರಬೇಕು. ಹಾಗಾಗಿ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ತರಬೇತಿಗೆ ಯಾವ ಹೋಟೆಲ್‌ಗೆ ಕಳಿಸುತ್ತಾರೆಂದು ಕೇಳಿ.

ಮನೆಯಲ್ಲಿ ಬೇಗ ದುಡಿಮೆ ಬೇಕು, ಊರು ಬಿಡಲೂ ತಯಾರಿದ್ದೀರಿ ಎಂದಾದರೆ ಸರ್ಟಿಫಿಕೇಟ್ ಒಳ್ಳೆಯದು. ಮುಂದೆ ಮೇಲ್ವಿಚಾರಕರಾಗುವ ಆಸೆಯಿದ್ದರೆ ಪದವಿ. ಇಲ್ಲೇ ಸ್ವಂತ ಖಾನಾವಳಿ ಹಾಕುವವರಿಗೆ ಒಲೆಯೇ ಶಾಲೆ: ಜೋಳದ ಹಿಟ್ಟಿನಲ್ಲಿ ಗೋಧಿಯ ಅಂಟಿಲ್ಲ, ಕುದಿವ ನೀರು ಹಾಕಿ ನಾದದಿದ್ದರೆ ಬಡಿಯುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಆ ಹದ ಕೈಗೆ ಬರುವುದು ದಿನವೂ ಬಡಿದಾಗಲೇ.