ಎನ್‌ಸಿಸಿ: ಏರ್ ವಿಂಗಾ, ಆರ್ಮಿ ವಿಂಗಾ?

ಪಿಯುಸಿ ಮುಗಿಸಿ ಡಿಗ್ರಿಗೆ ಸೇರುತ್ತಿರುವ ಮಗಳನ್ನು ಎನ್‌ಸಿಸಿಯ, ಅಂದರೆ ವಿದ್ಯಾರ್ಥಿಗಳಿಗೆ ಸೈನಿಕ ಶಿಸ್ತಿನ ತರಬೇತಿ ಕೊಡುವ ಪಡೆಯ, ಯಾವ ವಿಂಗಿಗೆ ಹಾಕಲಿ ಎಂದು ಪಕ್ಕದ ಮನೆಯ ಅಕ್ಕ ಕೇಳಿದರು. ಮೊದಲ ಭಯ ಅವರದ್ದೇ: "ಆಮೇಲೆ ಸೈನ್ಯಕ್ಕೆ ಕರೆದುಕೊಂಡು ಹೋಗಿಬಿಡ್ತಾರಾ?" ಇಲ್ಲ. ಎರಡರಲ್ಲೂ ಅಂಥ ಕಡ್ಡಾಯವಿಲ್ಲ.

ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಪೆರೇಡಿಗೆ ಬೆಳಗ್ಗೆ ಬೇಗ ಏಳುವ ಕಷ್ಟವೂ ಒಂದೇ. ಡ್ರಿಲ್, ಶೂ ಪಾಲಿಶ್ ಯಾರಿಗೂ ತಪ್ಪಿದ್ದಲ್ಲ.

ಬೇರೆಯಾಗುವುದು ಕಲಿಕೆಯಲ್ಲಿ. ಆರ್ಮಿಯಲ್ಲಿ ನಕ್ಷೆ ಓದುವುದು, ಬಯಲಿನ ತರಬೇತಿ. ಏರ್ ವಿಂಗಿನಲ್ಲಿ ವಿಮಾನ ಹಾರುವ ತತ್ವ, ಹವಾಮಾನ, ಏರೋಮಾಡೆಲಿಂಗ್ ಅಂದರೆ ಪುಟ್ಟ ವಿಮಾನದ ಮಾದರಿ ಮಾಡುವುದು. ಹಗುರ ಬಾಲ್ಸಾ ಮರವನ್ನು ಬ್ಲೇಡಿನಲ್ಲಿ ಕೊರೆದು, ಉಜ್ಜಿ, ರೆಕ್ಕೆ ಅಂಟಿಸಬೇಕು; ಕೂದಲೆಳೆಯಷ್ಟು ಸೊಟ್ಟಗಾದರೂ ಮಾದರಿ ಒಂದೇ ಕಡೆ ವಾಲುತ್ತದೆ. ಬೋಧಕರ ಪಕ್ಕ ಕೂತು ಎರಡು ಸೀಟಿನ ಮೈಕ್ರೋಲೈಟ್ ಎಂಬ ಹಗುರ ವಿಮಾನದಲ್ಲಿ ಹಾರುವ ಅವಕಾಶವೂ ಉಂಟು, ಆದರೆ ಅದನ್ನೇ ನೆಚ್ಚಿಕೊಂಡು ಸೇರಬೇಡಿ. ವಿಮಾನ, ಹವಾಮಾನ, ಸರದಿ ಎಲ್ಲವೂ ಕೂಡಿ ಬರಬೇಕು.

ವಾಯುಪಡೆಯ ಹಾರಾಟ ಶಾಖೆಗೆ ಎನ್‌ಸಿಸಿ ವಿಶೇಷ ಪ್ರವೇಶ (ಎನ್‌ಸಿಸಿಯವರಿಗೆಂದೇ ಇರುವ ನೇಮಕಾತಿಯ ದಾರಿ) ಬೇಕಿದ್ದರೆ ಏರ್ ವಿಂಗಿನದ್ದೇ 'ಸಿ' ಸರ್ಟಿಫಿಕೇಟ್, ಅಂದರೆ ಎನ್‌ಸಿಸಿಯ ಕೊನೆಯ ಹಂತದ ಪರೀಕ್ಷೆ ಪಾಸಾದ ಪ್ರಮಾಣಪತ್ರ, ಬೇಕು. ಅಲ್ಲಿ ದೃಷ್ಟಿಯ ನಿಯಮ ಬಿಗಿ, ಕನ್ನಡಕದ ಮಕ್ಕಳು ಮೊದಲೇ ವಿಚಾರಿಸಲಿ. ಭೂಸೇನೆಯ ಕನಸಿದ್ದರೆ, ಚಾರಣ ಇಷ್ಟವಿದ್ದರೆ ಆರ್ಮಿ ವಿಂಗೇ ಸರಿ.

ಇಷ್ಟೆಲ್ಲ ಹೇಳಿದ ಮೇಲೆ ನಾನೇ ಕೇಳಿದೆ: "ಅಕ್ಕಾ, ಅವಳ ಕಾಲೇಜಿನಲ್ಲಿ ಏರ್ ವಿಂಗ್ ಇದೆಯಾ?" ಆರ್ಮಿ ವಿಂಗ್ ಸಿಗುವಷ್ಟು ಸುಲಭವಾಗಿ ಅದು ಸಿಗುವುದಿಲ್ಲ. ಅಡ್ಮಿಷನ್ ಫೀಸು ಕಟ್ಟುವ ಮೊದಲೇ ಕೇಳಿಕೊಳ್ಳಿ.