ಫಾರ್ಮ್‌ನಲ್ಲಿ ಕೇಳಿದ್ದಾರೆ ಅಂತ ನಂಬಿ ಕಾನ್ಫರೆನ್ಸ್‌ಗೆ ದುಡ್ಡು ಕಟ್ಟಬೇಡಿ

ಬೆಂಗಳೂರಿನಲ್ಲಿ ಮತ್ತೆ ಟೆಕ್ ಕಾನ್ಫರೆನ್ಸ್‌ಗಳ ಸೀಸನ್. ಪೋಸ್ಟರ್ ಕೆಳಗೆ ಗಾಲಿಕುರ್ಚಿಯ ಚಿತ್ರ, ಪಕ್ಕದಲ್ಲಿ ಆಟಿಸಂನಂಥವು ಇರುವವರನ್ನು ಸೂಚಿಸುವ ಕಾಮನಬಿಲ್ಲಿನ ಬಣ್ಣದ ಇನ್‌ಫಿನಿಟಿ ಗುರುತು (ಅಡ್ಡ ಮಲಗಿಸಿದ 8) ಕಂಡರೆ ಸ್ವಲ್ಪ ನಿಲ್ಲಿ, ಇದನ್ನು ಓದಿ. ನನಗೆ ಆಟಿಸಂ ಇದೆ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಗೆಳತಿ ಗಾಲಿಕುರ್ಚಿ ಬಳಸುತ್ತಾಳೆ. ಇಬ್ಬರೂ ಸೇರಿ ಇಂಥದೇ ಒಂದು ಕಾನ್ಫರೆನ್ಸ್‌ಗೆ ಹೋದೆವು, ಇಬ್ಬರಿಗೂ ಮೋಸ ಆಯಿತು. ಆಯೋಜಕರ ಹೆಸರು ಹಾಕಿಲ್ಲ. ಯಾರು ಅಂತ ಕಾಮೆಂಟಲ್ಲಿ ಕೇಳಬೇಡಿ.

ರಿಜಿಸ್ಟರ್ ಮಾಡುವಾಗ ಎಲ್ಲಾ ಚೆನ್ನಾಗಿಯೇ ಇತ್ತು. 'ನಿಮಗೆ ಬೇಕಾದ ವ್ಯವಸ್ಥೆ ತಿಳಿಸಿ' ಅಂತ ದೊಡ್ಡ ಬಾಕ್ಸ್. ನಾನು ಬರೆದೆ: ಗದ್ದಲ ತಡೆಯಲು ಆಗದಾಗ ಕೂರಲು ಒಂದು ಶಾಂತ ಕೋಣೆ ಬೇಕು, ಕಾರ್ಯಕ್ರಮದ ವೇಳಾಪಟ್ಟಿ ಮೊದಲೇ ಬೇಕು, ಜೋರು ಸಂಗೀತ ಅಥವಾ ಮಿನುಗುವ ಲೈಟ್ ಇದ್ದರೆ ಮುಂಚೆ ಹೇಳಿ. ಗೆಳತಿ ರ‍್ಯಾಂಪ್, ಟಾಯ್ಲೆಟ್ ಬಗ್ಗೆ ಬರೆದಳು. 'ನಿಮ್ಮ ಅಗತ್ಯಗಳನ್ನು ಗಮನಿಸಿದ್ದೇವೆ, ನಿಶ್ಚಿಂತೆಯಿಂದ ಬನ್ನಿ' ಅಂತ ಮೇಲ್ ಬಂತು. ಅದನ್ನು ನಂಬಿಯೇ ಟಿಕೆಟ್ ದುಡ್ಡು ಕಟ್ಟಿದ್ದು. ಟಿಕೆಟ್ ದುಡ್ಡು ವಾಪಸ್ ಇಲ್ಲ ಅನ್ನುವುದು ನಿಮಗೆ ಗೊತ್ತೇ ಇದೆಯಲ್ಲ.

ಬಾಗಿಲಲ್ಲೇ ಮೂರು ಮೆಟ್ಟಿಲು. ಅದರ ಮೇಲೆ ಒಂದು ಪ್ಲೈವುಡ್ ಹಲಗೆ. ಅದೇ ರ‍್ಯಾಂಪ್! ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಇದು ಕಟ್ಟಡದ ನಿಯಮದಲ್ಲೇ ಇರುವ ಲೆಕ್ಕ. ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟು ಅಡಿ. ಇವರ ಹಲಗೆ ಒಂದು ಮಂಚದಷ್ಟೂ ಇರಲಿಲ್ಲ. 'ಮೇಡಂ, ನಮ್ಮ ಹುಡುಗರು ನಾಲ್ಕು ಜನ ಎತ್ಕೊಂಡು ಹೋಗ್ತಾರೆ, ಟೆನ್ಷನ್ ಬೇಡ' ಅಂದರು. ಯಾರಿಗೆ ಟೆನ್ಷನ್ ಬೇಡ? ಗುರುತೇ ಇಲ್ಲದ ನಾಲ್ಕು ಜನ ಗೆಳತಿಯನ್ನು ಕುರ್ಚಿ ಸಮೇತ ಎತ್ತುವುದನ್ನು ಇಡೀ ಕ್ಯೂ ನಿಂತು ನೋಡಿತು. ಒಬ್ಬ ಫೋಟೋ ತೆಗೆದ. ಆ ಫೋಟೋದ ಕಥೆ ಕೆಳಗಿದೆ.

ನಾನು ಕೊರಳಿಗೆ ಸೂರ್ಯಕಾಂತಿ ಚಿತ್ರದ ಹಸಿರು ಪಟ್ಟಿ ಹಾಕಿಕೊಂಡಿದ್ದೆ. ಕಣ್ಣಿಗೆ ಕಾಣದ ಅಂಗವೈಕಲ್ಯ ಇದೆ ಅನ್ನುವುದಕ್ಕೆ ಅದು ಗುರುತು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ನಡೆಯುತ್ತದೆ. ಡೆಸ್ಕಿನ ಹುಡುಗ ಏನು ಹೇಳಿದ ಗೊತ್ತಾ? 'ಇದು ಬೇರೆ ಕಂಪನಿದು, ತೆಗೆದುಬಿಟ್ಟು ನಮ್ಮ ಸ್ಪಾನ್ಸರ್ ಪಟ್ಟಿ ಹಾಕ್ಕೊಳ್ಳಿ.' ಬ್ಯಾಡ್ಜ್‌ಗೆ ಬಣ್ಣದ ಸ್ಟಿಕರ್ ಕೊಡುತ್ತೇವೆ ಅಂದಿದ್ದರು. ಹಸಿರು ಅಂದರೆ ಬಂದು ಮಾತಾಡಿ, ಹಳದಿ ಅಂದರೆ ಪರಿಚಯದವರು ಮಾತ್ರ, ಕೆಂಪು ಅಂದರೆ ಈಗ ಬೇಡ. ಆಟಿಸಂ ಇರುವವರ ಸಭೆಗಳಲ್ಲಿ ತುಂಬಾ ಹಿಂದಿನಿಂದ ಇರುವ ಪದ್ಧತಿ ಇದು. ಇಲ್ಲಿ ಆ ಸ್ಟಿಕರ್‌ಗಳನ್ನು ಊಟದ ಕೂಪನ್‌ಗೆ ಅಂಟಿಸಿದ್ದರು. ಹಸಿರು ವೆಜ್, ಕೆಂಪು ನಾನ್‌ವೆಜ್. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ಬರಲಿಲ್ಲ.

ಉದ್ಘಾಟನೆಗೆ ಡೊಳ್ಳು ಕುಣಿತ. ಡೊಳ್ಳಿನ ಮೇಲೆ ನನಗೆ ಸಿಟ್ಟಿಲ್ಲ, ಊರ ಜಾತ್ರೆಯಲ್ಲಿ ದೂರ ನಿಂತು ಖುಷಿಯಿಂದಲೇ ನೋಡುತ್ತೇನೆ. ಮುಚ್ಚಿದ ಎಸಿ ಹಾಲ್‌ನಲ್ಲಿ, ಮೈಕ್ ಹಚ್ಚಿ, ಜೊತೆಗೆ ಮಿನುಗುವ ಲೈಟ್ ಹಾಕಿ, ಒಂದು ಮಾತೂ ಮುಂಚೆ ಹೇಳದೆ ಬಾರಿಸಿದರೆ? ಕಿವಿ ಮುಚ್ಚಿಕೊಂಡು ಹೊರಗೆ ಓಡಿದೆ. ಕೈ ನಡುಗುತ್ತಿತ್ತು. ಶಾಂತ ಕೋಣೆ ಎಲ್ಲಿ ಅಂತ ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆಮೇಲೆ ಒಂದು ಬಾಗಿಲು ತೋರಿಸಿದರು. ಒಳಗೆ ಭಾಷಣಕಾರರ ಬ್ಯಾಗು, ನೀರಿನ ಕ್ಯಾನು, ಫೋನಲ್ಲಿ ಜೋರಾಗಿ ಮಾತಾಡುತ್ತಿದ್ದ ಇಬ್ಬರು. 'ಇದು ವಿಐಪಿ ರೂಮು, ನೀವು ಯಾರು?' ಅಂತ ಅವರೇ ನನ್ನನ್ನು ಕೇಳಿದರು.

ಕೋಣೆ ಬೇಕು ಅಂತ ಫಾರ್ಮ್‌ನಲ್ಲಿ ಬರೆದಿದ್ದೆ, ಮೇಲ್ ಕೂಡ ಬಂದಿದೆ ಅಂದೆ. ಡೆಸ್ಕಿನಲ್ಲಿದ್ದ ಹುಡುಗಿ, ಪಾಪ ವಾಲಂಟಿಯರ್, ಲ್ಯಾಪ್‌ಟಾಪ್ ತಿರುಗಿಸಿ ಶೀಟ್ ತೋರಿಸಿದಳು. ನನ್ನ ಹೆಸರಿದೆ. ಕಂಪನಿ ಇದೆ. ಟೀ ಶರ್ಟ್ ಸೈಜ್ ಇದೆ. ವೆಜ್ ಅಂತಲೂ ಇದೆ. ನಾನು ಬರೆದದ್ದು ಎಲ್ಲೂ ಇಲ್ಲ. 'ಆ ಕಾಲಮ್ ನಮಗೆ ಕಳಿಸಿದ ಶೀಟಲ್ಲೇ ಇಲ್ಲ ಮೇಡಂ' ಅಂದಳು. ಅಲ್ಲೇ ಕುಸಿದೆ. ಯಾರೂ ಓದಿಯೇ ಇಲ್ಲ! ಒಬ್ಬರೂ ಓದಿಲ್ಲ. ಆ 'ನಿಶ್ಚಿಂತೆಯಿಂದ ಬನ್ನಿ' ಮೇಲ್ ಎಲ್ಲರಿಗೂ ತಾನಾಗಿಯೇ ಹೋಗುವ ಮೇಲ್. ನನ್ನ ಖಾಸಗಿ ವಿಷಯ, ಆಫೀಸಿನಲ್ಲಿ ಕೂಡ ಹೇಳದ ವಿಷಯ, ಅಷ್ಟು ಬಿಡಿಸಿ ಬರೆದಿದ್ದೆ. ಟೀ ಶರ್ಟ್ ಸೈಜಿಗಿದ್ದ ಬೆಲೆ ಅದಕ್ಕಿರಲಿಲ್ಲ.

ಆಯೋಜಕರಲ್ಲಿ ದೊಡ್ಡವರೊಬ್ಬರು ಬಂದರು. ಮೊದಲ ಮಾತು: 'ನಿಮ್ಮನ್ನ ನೋಡಿದ್ರೆ ಹಾಗೇನೂ ಅನ್ಸಲ್ವಲ್ಲ?' ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ತೆಗೆದು ತೋರಿಸಬೇಕಾಯಿತು, ಅಷ್ಟು ಜನರ ಮುಂದೆ. ಎರಡನೇ ಮಾತು: 'ನೋಡಿ, ಇದೆಲ್ಲ ನಾವು ಗುಡ್‌ವಿಲ್‌ಗೆ ಮಾಡೋದು.' ಸ್ವಾಮಿ, ಗುಡ್‌ವಿಲ್ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಅದರಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಆಟಿಸಂ ಕೂಡ ಇದೆ. ಕಾಯ್ದೆ ಮುರಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ, ಮತ್ತೆ ಮುರಿದರೆ 50,000ದಿಂದ 5 ಲಕ್ಷ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ವ್ಯವಸ್ಥೆ ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಇದೆಲ್ಲ ಆಗ ಬಾಯಿಗೆ ಬರಲಿಲ್ಲ. ಅಂಥ ಹೊತ್ತಲ್ಲಿ ನನಗೆ ಮಾತೇ ಹೊರಡುವುದಿಲ್ಲ. ಆಟಿಸಂ ಅಂದರೆ ಅದೂ ಹೌದು.

ಗೆಳತಿ ಅಷ್ಟರಲ್ಲಿ ಟಾಯ್ಲೆಟ್ ಹುಡುಕಿ ಸೋತಿದ್ದಳು. ಗಾಲಿಕುರ್ಚಿ ಚಿತ್ರವಿದ್ದ ಟಾಯ್ಲೆಟ್‌ಗೆ ಬೀಗ. ಒಳಗೆ ಪೊರಕೆ, ಬಕೆಟ್. ಬೆಳಗಿನಿಂದ ನೀರೇ ಕುಡಿಯದೆ ಕೂತಿದ್ದಳು. ಊಟಕ್ಕೂ ನಿಲ್ಲದೆ ಆಟೋ ಹಿಡಿದು ಹೊರಟೆವು.

ಆಮೇಲಿನ ಉತ್ತರಗಳು ಇನ್ನೂ ಚೆಂದ. ದುಡ್ಡು ವಾಪಸ್ ಕೇಳಿದ್ದಕ್ಕೆ 'ನೀವು ಸ್ಥಳಕ್ಕೆ ಬಂದು ಬ್ಯಾಡ್ಜ್ ಪಡೆದಿದ್ದೀರಿ, ಹಾಗಾಗಿ ಅರ್ಹರಲ್ಲ' ಅಂತ ಬಂತು. ಮತ್ತೆ ಬರೆದರೆ 'ನಿಮ್ಮ ಅಮೂಲ್ಯ ಫೀಡ್‌ಬ್ಯಾಕ್‌ಗೆ ಧನ್ಯವಾದ', ಮುಂದಿನ ವರ್ಷಕ್ಕೆ ಡಿಸ್ಕೌಂಟ್ ಕೂಪನ್. ಇನ್ನೊಂದು ವರ್ಷ ಇದನ್ನೇ ಅನುಭವಿಸಲು ರಿಯಾಯಿತಿ! ಆ ಹೊತ್ತಿಗೆ ಗೆಳತಿಯ ಫೋಟೋ ಅವರ ಲಿಂಕ್ಡ್‌ಇನ್‌ನಲ್ಲಿ ಬಂದಿತ್ತು. ನಾಲ್ಕು ಹುಡುಗರು ಕುರ್ಚಿ ಎತ್ತುತ್ತಿರುವ ಅದೇ ಫೋಟೋ. ಮೇಲೆ 'ಯಾರನ್ನೂ ಹಿಂದೆ ಬಿಡುವುದಿಲ್ಲ' ಅಂತ ಬರಹ, ಕೆಳಗೆ ನೂರಾರು ಲೈಕು. ಅವಳನ್ನು ಒಂದು ಮಾತು ಕೇಳಿಲ್ಲ.

ಹೋಗಲೇಬೇಕು ಅನ್ನುವವರಿಗೆ ಇಷ್ಟು ಹೇಳುತ್ತೇನೆ. ಫಾರ್ಮ್ ತುಂಬಿ ಸುಮ್ನೆ ಇರಬೇಡಿ. ಇದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯನ ಹೆಸರು, ಫೋನ್ ನಂಬರ್ ಕೇಳಿ. ಬಾಗಿಲು, ರ‍್ಯಾಂಪ್, ಟಾಯ್ಲೆಟ್, ಶಾಂತ ಕೋಣೆ, ನಾಲ್ಕರ ಫೋಟೋನೂ ದುಡ್ಡು ಕಟ್ಟುವ ಮೊದಲೇ ತರಿಸಿಕೊಳ್ಳಿ. 'ಅಲ್ಲಿ ಬಂದಾಗ ನೋಡ್ಕೊಳ್ಳೋಣ' ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಫೋನಲ್ಲಿ ಒಪ್ಪಿಕೊಂಡದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ, ಜಾಸ್ತಿ ಮರ್ಯಾದೆ ನೋಡಬೇಡಿ.

ಮೇಲ್‌ಗಳು, ಹಲಗೆಯ ಫೋಟೋ ಎಲ್ಲ ಸೇರಿಸಿ ರಾಜ್ಯದ ಅಂಗವಿಕಲರ ಆಯುಕ್ತರ ಕಚೇರಿಗೆ ದೂರು ಕೊಟ್ಟಿದ್ದೇವೆ. ದುಡ್ಡು ಬಂದಿಲ್ಲ. ಫೋಟೋ ತೆಗೆಯಿರಿ ಅಂತ ಗೆಳತಿ ಕೇಳಿದ್ದಕ್ಕೆ 'ಡಿಸೈನ್ ಟೀಮ್‌ಗೆ ಹೇಳಿದ್ದೇವೆ' ಅಂದಿದ್ದಾರೆ. ಇದನ್ನು ಬರೆಯುವ ಹೊತ್ತಿಗೂ ಅದು ಅಲ್ಲೇ ಇದೆ.